ಮುಖಕ್ಕೆ ಮಾತ್ರ ಇದ್ದ ಮಿತಿ

ಕೆಲಸ ಕಳೆದುಕೊಂಡವಳು ಚಿತ್ರಕಾರ್ತಿ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಪ್ರಕಾಶನ ಸಂಸ್ಥೆಯಲ್ಲಿ ಈ ಪ್ರಕರಣವನ್ನು ಯಾರು ವಿವರಿಸಿದರೂ ಎಲ್ಲರಿಗೂ ಸ್ವಲ್ಪ ಸ್ವಲ್ಪ ನೋವಾಯಿತು ಎಂಬಂತೆ ವಿವರಿಸುತ್ತಾರೆ. ಹಾಗೇನೂ ಆಗಲಿಲ್ಲ. ಸಂಪಾದಕನಿಗೆ ಬಡ್ತಿ ಸಿಕ್ಕಿತು. ಪ್ರೊಡಕ್ಷನ್ ಮ್ಯಾನೇಜರ್ ತನ್ನ ಕುರ್ಚಿಯಲ್ಲಿಯೇ ಇದ್ದಾನೆ. ಬಣ್ಣ ಹಾಕಿದವಳು ನಾನು, ನನ್ನ ವೀಸಾ ಇನ್ನೂ ಉಸಿರಾಡುತ್ತಿದೆ. ಒಬ್ಬ ಕಪ್ಪು ಮಹಿಳೆ ಮಾತ್ರ ತಾನೇ ಸೃಷ್ಟಿಸಿದ ಕಪ್ಪು ನಾಯಕಿಯನ್ನು ಕಳೆದುಕೊಂಡಳು, ಮತ್ತು ಅವಳ ಹೆಸರಿನ ಮುಂದೆ ‘ಮುದ್ರಣಕ್ಕೆ ಯೋಗ್ಯವಲ್ಲದ ಫೈಲುಗಳು’ ಎಂಬ ಷರಾ ಉಳಿಯಿತು. ಆ ಷರಾ ಸುಳ್ಳು. ಅದು ಸುಳ್ಳೆಂದು ಹೇಳುವ ಅವಕಾಶ ನನಗೊಮ್ಮೆ ಎಲ್ಲರ ಎದುರಿಗೇ ಸಿಕ್ಕಿತ್ತು. ನಾನು ಹೇಳಲಿಲ್ಲ.

ನಾನು ಲಾಸ್ ಏಂಜಲೀಸಿನ ಬರ್ಬ್ಯಾಂಕ್‌ನಲ್ಲಿರುವ ಒಂದು ಮಧ್ಯಮ ಗಾತ್ರದ ಕಾಮಿಕ್ಸ್ ಸಂಸ್ಥೆಯಲ್ಲಿ ಬಣ್ಣಗಾರ್ತಿ. 2020ರ ಬೇಸಿಗೆಯಲ್ಲಿ ಬೀದಿಗಳು ಪ್ರತಿಭಟನೆಯಿಂದ ತುಂಬಿ, ಕಂಪನಿಗಳೆಲ್ಲ ತಮ್ಮ ತಮ್ಮ ಪುಟಗಳಲ್ಲಿ ಪಶ್ಚಾತ್ತಾಪದ ಹೇಳಿಕೆಗಳನ್ನು ಅಂಟಿಸಿಕೊಂಡಾಗ ನಮ್ಮ ಸಂಸ್ಥೆಯೂ ಕಪ್ಪು ಸೂಪರ್‌ಹೀರೋಗಳ ಹೊಸ ಮಾಲಿಕೆಯೊಂದನ್ನು ಘೋಷಿಸಿತು. ಈ ಉದ್ಯಮಕ್ಕೆ ಕಪ್ಪು ನಾಯಕರು ಹೊಸಬರಲ್ಲ. ಬಿಳಿಯ ನಾಯಕನ ನಂಬಿಗಸ್ತ ಗೆಳೆಯನಾಗಿ, ಕಥೆ ಬಿಗಿಯಾಗಬೇಕಾದಾಗ ಮೊದಲು ಸಾಯುವವನಾಗಿ, ಇತರರು ಬರೆದ ಮಾತನ್ನು ಇತರರು ಬರೆದ ಬಾಯಿಯಿಂದ ಆಡುವವನಾಗಿ ಅವರು ಬಹುಕಾಲದಿಂದ ಇದ್ದಾರೆ. ನನ್ನ ಮೇಜಿಗೆ ಬಂದ ಸರಣಿ ಮಾತ್ರ ಬೇರೆಯಾಗಿತ್ತು. ಅದರ ಕಥೆ, ಚಿತ್ರ ಎರಡೂ ಒಬ್ಬಳದೇ, ಮತ್ತು ಅವಳು ಕಪ್ಪು ಮಹಿಳೆ. ದಕ್ಷಿಣ ಲಾಸ್ ಏಂಜಲೀಸಿನಲ್ಲಿ ಹುಟ್ಟಿ ಬೆಳೆದವಳು.

ಅವಳ ನಾಯಕಿ ನಗರ ಸಾರಿಗೆಯ ಬಸ್ಸಿನ ಡ್ರೈವರ್. ಕೈ ಎತ್ತಿದರೆ ಚಲಿಸುತ್ತಿರುವ ಯಾವುದನ್ನಾದರೂ ಏಳು ಸೆಕೆಂಡು ನಿಲ್ಲಿಸಬಲ್ಲಳು: ಗುಂಡು, ಕಾರು, ಕುಸಿಯುತ್ತಿರುವ ಗೋಡೆ. ಏಳು ಸೆಕೆಂಡು ಏಕೆಂದರೆ ನಿಲ್ದಾಣದಲ್ಲಿ ಬಸ್ಸಿನ ಬಾಗಿಲು ತೆರೆದಿರುವುದು ಅಷ್ಟೇ ಹೊತ್ತು. ಕಾಮಿಕ್ಸಿನಲ್ಲಿ ಅವಳಿಗೆ ಬೇರೆ ಹೆಸರಿದೆ. ಇಲ್ಲಿ ಅವಳನ್ನು ಬಸ್ಸಿನವಳು ಎನ್ನುತ್ತೇನೆ. ನಾನು ಮನಸ್ಸಿನಲ್ಲಿ ಕರೆಯುತ್ತಿದ್ದುದೂ ಹಾಗೆಯೇ.

ಮೊದಲ ಭೇಟಿಗೆ ಚಿತ್ರಕಾರ್ತಿ ಒಂದು ರಟ್ಟಿನ ಕಾರ್ಡು ತಂದಿದ್ದಳು. ಅದರ ಮೇಲೆ ಕೈಯಿಂದ ಬಳಿದ ನಾಲ್ಕು ಕಂದುಬಣ್ಣದ ಚೌಕಗಳು, ಪ್ರತಿಯೊಂದರ ಕೆಳಗೆ ಪೆನ್ಸಿಲಿನ ಬರಹ: ಬೆಳಗಿನ ಬಸ್ಸು, ಮಧ್ಯಾಹ್ನ, ಬೀದಿ ದೀಪ, ಕೋಪ. ಬಸ್ಸಿನವಳ ಮುಖ ಯಾವ ಬೆಳಕಿನಲ್ಲಿ ಯಾವ ಬಣ್ಣ ತಾಳಬೇಕು ಎಂಬುದಕ್ಕೆ ಅದು ಪ್ರಮಾಣ. ಮುಖದ ಮೂಲ ಅವಳ ಚಿಕ್ಕಮ್ಮ. ಆಕೆ ನಿಜವಾಗಿಯೂ ಬಸ್ಸು ಓಡಿಸುತ್ತಿದ್ದವಳು.

“ನೆರಳಿಗೆ ಬೂದು ಬೆರೆಸ್ತೀಯಾ?” ಎಂದು ಕೇಳಿದಳು.

“ಸ್ವಲ್ಪ. ಎಲ್ಲರಿಗೂ ಬೆರೆಸ್ತೀನಿ.”

“ಇವಳಿಗೆ ಬೇಡ. ಬೂದು ಬೆರೆಸಿದರೆ ನನ್ನ ಚಿಕ್ಕಮ್ಮ ಸತ್ತವಳ ಹಾಗೆ ಕಾಣ್ತಾಳೆ. ಅವಳಿನ್ನೂ ಸತ್ತಿಲ್ಲ, ಪುಸ್ತಕ ನೋಡಿದರೆ ಫೋನ್ ಮಾಡಿ ಬೈತಾಳೆ.” ಆಮೇಲೆ ಬೆರಳಿನಿಂದ ತೋರಿಸಿದಳು. “ನೆರಳಿಗೆ ಕೆಂಪು ಹಾಕು. ಹೊಳಪಿಗೆ ಆಕಾಶದ ನೀಲಿ. ಕಪ್ಪು ಚರ್ಮ ಕತ್ತಲೆ ಅಲ್ಲ, ಅದು ಸುತ್ತಲಿನ ಬೆಳಕನ್ನೆಲ್ಲ ಹಿಡಿಯುತ್ತೆ.”

ಮಾತಾಡುತ್ತಲೇ ಆ ಕಾರ್ಡನ್ನು ನನ್ನ ಮುಂಗೈ ಪಕ್ಕದಲ್ಲಿಟ್ಟಳು. ಮೂರನೆಯ ಚೌಕಕ್ಕೂ ನನ್ನ ಕೈಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. “ನೋಡು, ಬೀದಿ ದೀಪದ ಕೆಳಗೆ ನಿನಗೂ ಜಾಗ ಇದೆ” ಎಂದು ನಕ್ಕಳು.

ನನ್ನ ಕೆಲಸದ ವಿಧಾನವನ್ನು ಎರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ಅನ್ಯಾಯ ನಡೆದದ್ದು ಅದರೊಳಗೇ. ಚಿತ್ರಕಾರ್ತಿಯ ಕಪ್ಪು ಗೆರೆಗಳ ಕೆಳಗೆ ನಾನು ಕಂಪ್ಯೂಟರಿನಲ್ಲಿ ಪದರ ಪದರವಾಗಿ ಬಣ್ಣ ಹಾಕುತ್ತೇನೆ: ಆಕಾಶಕ್ಕೊಂದು ಪದರ, ಬಟ್ಟೆಗೊಂದು, ಚರ್ಮಕ್ಕೊಂದು. ಪ್ರತಿ ಪದರಕ್ಕೂ ಹೆಸರಿರುತ್ತದೆ, ಹೆಸರಿನ ಎಡಕ್ಕೆ ಒಂದು ಪುಟ್ಟ ಕಣ್ಣಿನ ಗುರುತು. ಕಣ್ಣು ಮುಚ್ಚಿದರೆ ಆ ಪದರ ಮಾಯ. ಎಲ್ಲವೂ ಮುಗಿದ ಮೇಲೆ ಪುಟವು ಮುದ್ರಣದ ನಾಲ್ಕು ಶಾಯಿಗಳಿಗೆ ಒಡೆದು ಸಾನ್ ಡಿಯೇಗೋ ಕಡೆಯ ಮುದ್ರಣಾಲಯಕ್ಕೆ ಹೋಗುತ್ತದೆ.

ಮೊದಲ ಎರಡು ಸಂಚಿಕೆಗಳು ಆ ಕಾರ್ಡಿನಂತೆಯೇ ಬಂದವು. ಮೂರನೆಯದರ ಹೊತ್ತಿಗೆ ಪ್ರೊಡಕ್ಷನ್ ಮ್ಯಾನೇಜರ್ ನನ್ನ ಮೇಜಿನ ಅಂಚಿಗೆ ಒರಗಿ ನಿಂತ.

“ಮೊಬೈಲಿನಲ್ಲಿ ಕವರ್ ಚಿಕ್ಕದಾಗಿ ಕಂಡಾಗ ಮುಖ ಕಾಣಿಸ್ತಿಲ್ಲ ಅಂತ ಮಾರ್ಕೆಟಿಂಗ್‌ನವರು ಗೊಣಗ್ತಿದ್ದಾರೆ. ಸ್ವಲ್ಪ ಎತ್ತಿಬಿಡು.”

“ಎಷ್ಟು ಎತ್ತಲಿ?”

“ಅವಳು ಯಾರು ಅಂತ ಗೊತ್ತಾಗುವಷ್ಟು.”

“ಚಿತ್ರಕಾರ್ತಿಗೆ ಹೇಳಬೇಕಲ್ವಾ?”

“ಇದು ಟೆಕ್ನಿಕಲ್ ವಿಷಯ. ಅವಳನ್ನ ಯಾಕೆ ತೊಂದರೆಪಡಿಸೋದು?”

ಎತ್ತುವುದೆಂದರೆ ಬಣ್ಣವನ್ನು ತಿಳಿ ಮಾಡುವುದು. ಹತ್ತು ನಿಮಿಷದಲ್ಲಿ ಮಾಡಿಕೊಟ್ಟೆ. ಹತ್ತೇ ನಿಮಿಷ ಸಾಕಾದದ್ದು ಹೇಗೆಂಬುದನ್ನೂ ಹೇಳಬೇಕು. ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿದ್ದಾಗ ಮೂರು ವರ್ಷ ಮದುವೆ ಆಲ್ಬಮ್ಮಿನ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ವಧುವಿನ ಮುಖ ಬೆಳ್ಳಗೆ ಮಾಡಿ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದಿದ್ದರೂ ಮಾಡಬೇಕಾದ ಕೆಲಸ ಅದೆಂದು ಮೊದಲ ದಿನವೇ ತಿಳಿಯುತ್ತಿತ್ತು. ವರನಿಗೆ ಒಂದು ಸುತ್ತು, ವಧುವಿಗೆ ಎರಡು. ದಿನಕ್ಕೆ ನೂರಾರು ಚಿತ್ರಗಳಿಗೆ ಕೈ ಸೋಲುತ್ತದೆಂದು, ಒಂದು ಗುಂಡಿ ಒತ್ತಿದರೆ ತಾನಾಗಿ ನಡೆಯುವ ಆದೇಶಗಳ ಸರಣಿಯನ್ನು ನಾನೇ ಹೆಣೆದಿದ್ದೆ. ಅದು ಮುಖ, ಕುತ್ತಿಗೆ, ಕೈಗಳನ್ನು ಮಾತ್ರ ಬೆಳಗಿಸುತ್ತಿತ್ತು. ಸೀರೆಯ ಬಣ್ಣ, ಕೂದಲಿನ ಕಪ್ಪು, ಚಿನ್ನದ ಹೊಳಪು ಒಂದಿಷ್ಟೂ ಕದಲುತ್ತಿರಲಿಲ್ಲ. ಅದಕ್ಕೆ ‘ವಧು-2’ ಎಂದು ಹೆಸರಿಟ್ಟಿದ್ದೆ. ಆ ಪುಟ್ಟ ಫೈಲು ನನ್ನ ಪೆನ್ ಡ್ರೈವಿನಲ್ಲಿ ಸಾಗರ ದಾಟಿ ಬಂದಿತ್ತು. ಮೂರನೆಯ ಸಂಚಿಕೆಯ ದಿನ ಅದನ್ನೇ ತೆರೆದು ಬಸ್ಸಿನವಳ ಚರ್ಮದ ಪದರದ ಮೇಲೆ ಇನ್ನೊಂದು ಪದರವಾಗಿ ಕಟ್ಟಿದೆ.

“ನೀನು ಜಾದೂಗಾರ್ತಿ!” ಎಂದ ಮ್ಯಾನೇಜರ್. ಅದರ ಹೆಸರು ಬದಲಿಸಿ ‘ಪ್ರಿಂಟ್-ಸೇಫ್’ ಎಂದು ಮಾಡಿಸಿದ. ಮುದ್ರಣಕ್ಕೆ ಹೋಗುವ ಪ್ರತಿ ಪುಟವೂ ಅದರೊಳಗಿಂದಲೇ ಹಾಯುವಂತೆ ಸರಣಿಯ ಮಾದರಿ ಫೈಲಿಗೆ ಸೇರಿಸಿದ. ಮುದ್ರಣಕ್ಕೆ ಸುರಕ್ಷಿತ ಎಂಬ ಆ ಹೆಸರೇ ಮೊದಲ ಸುಳ್ಳು. ಮೂರನೆಯ ಸಂಚಿಕೆಯಲ್ಲಿ ಬಸ್ಸನ್ನು ಅಪಹರಿಸುವ ಒಬ್ಬ ಕಪ್ಪು ಕೊಲೆಗಡುಕ ಬರುತ್ತಾನೆ. ಅವನ ಮುಖವನ್ನು ಯಾರೂ ಎತ್ತಲು ಹೇಳಲಿಲ್ಲ. “ಅವನು ಭಯ ಹುಟ್ಟಿಸಬೇಕು, ಹಾಗೇ ಇರಲಿ” ಎಂಬ ಟಿಪ್ಪಣಿ ಬಂತು. ನಾನು ಅದನ್ನೂ ಪಾಲಿಸಿದೆ.

ಯಾಕೆ ಪಾಲಿಸಿದೆ? ನನ್ನ ವೀಸಾ ಆ ಸಂಸ್ಥೆಗೆ ಕಟ್ಟಿದ ಹಗ್ಗ. ಕೆಲಸ ಹೋದ ದಿನದಿಂದ ಅರವತ್ತು ದಿನ; ಅಷ್ಟರಲ್ಲಿ ಹೊಸ ಸಂಸ್ಥೆ ಅಪ್ಲೈ ಮಾಡದಿದ್ದರೆ ದೇಶ ಬಿಡಬೇಕು. ಬಣ್ಣಗಾರ್ತಿಯರಿಗೆ ವೀಸಾ ಮಾಡಿಸುವ ಕಾಮಿಕ್ಸ್ ಸಂಸ್ಥೆಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚಾಗುತ್ತವೆ. ಈ ವ್ಯವಸ್ಥೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಮುಂದಿನ ರಿನ್ಯೂವಲ್ ತಾರೀಖನ್ನು ತೋರಿಸುತ್ತದೆ ಅಷ್ಟೇ. ಇದು ಕಾರಣ. ಇದನ್ನು ಸಮರ್ಥನೆ ಎಂದು ಯಾರೂ ಓದಬಾರದು.

ಇನ್ನೊಂದು ಕಾರಣ ಇನ್ನೂ ಹತ್ತಿರದ್ದು. ಆ ತಿಂಗಳು ಪೋರ್ಟರ್ ರ್ಯಾಂಚ್ ಬಡಾವಣೆಯಲ್ಲಿ ಪರಿಚಯದ ಕನ್ನಡದವರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಯಾವ ಕಾಮಿಕ್ಸ್ ಮಾಡುತ್ತಿದ್ದೀ ಎಂದು ಆ ಮನೆಯ ಆಂಟಿ ಕೇಳಿದರು. ಮೊಬೈಲಿನಲ್ಲಿ ಮೊದಲ ಸಂಚಿಕೆಯ ಕವರ್ ತೋರಿಸಿದೆ.

“ಅಯ್ಯೋ, ಇದಾ? ಬೇರೆ ಯಾವ್ದೂ ಸಿಗ್ಲಿಲ್ವಾ ನಿಂಗೆ?” ಎಂದರು. ಬಳಿಕ ನನ್ನ ಮುಖ ನೋಡಿ ಪ್ರೀತಿಯಿಂದಲೇ, “ಬಿಸಿಲಲ್ಲಿ ಡ್ರೈವ್ ಮಾಡ್ತೀಯ ಅನ್ಸತ್ತೆ. ಸನ್‌ಸ್ಕ್ರೀನ್ ಹಚ್ಕೋಮ್ಮ, ಇರೋ ಬಣ್ಣಾನೂ ಹೋಗ್ಬಿಡತ್ತೆ” ಎಂದರು.

ಅವರ ಮಗಳು ತಟ್ಟೆಯಿಂದ ತಲೆಯೆತ್ತದೆ “ಮಾಮ್, ದಟ್ಸ್ ರೇಸಿಸ್ಟ್” ಎಂದಳು.

“ಬಾಯ್ಮುಚ್ಕೊಂಡು ಪಲ್ಯ ತಿನ್ನು!”

ಎಲ್ಲರೂ ನಕ್ಕರು. ನಾನೂ ನಕ್ಕೆ. ‘ವಧು-2’ ಹುಟ್ಟಿದ್ದು ಇಂಥ ನಗೆಯಿಂದಲೇ. ಅಮೆರಿಕದ ವರ್ಣಭೇದವನ್ನು ಬಾಯ್ತುಂಬ ಖಂಡಿಸುವ ನಮ್ಮ ಜನ ಅದಕ್ಕೆ ಬೇಕಾದ ಉಪಕರಣವನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತೇವೆ.

ಮೂರನೆಯ ಸಂಚಿಕೆ ಅಚ್ಚಾಗಿ ಬಂದ ವಾರ ಚಿತ್ರಕಾರ್ತಿ ಪ್ರಶ್ನೆ ಎತ್ತಿದಳು. ಸಂಪಾದಕ ಉತ್ತರಿಸಿದ: ಮುದ್ರಣಾಲಯಕ್ಕೆ ಶಾಯಿಯ ಮಿತಿ ಇದೆ; ನಿನ್ನ ಬಣ್ಣಗಳು ತೀರಾ ಭಾರ; ಹಾಗೆಯೇ ಕಳಿಸಿದರೆ ಹಾಳೆ ಒಣಗುವುದಿಲ್ಲ, ಮುಖ ಕೆಸರಾಗುತ್ತದೆ. ಅವಳು ನಂಬಲಿಲ್ಲ. ವೀಡಿಯೋ ಕರೆ ಏರ್ಪಟ್ಟಿತು. ಪರದೆಯ ಮೇಲೆ ನಾಲ್ಕು ಚೌಕಗಳು: ಸಂಪಾದಕ, ಮ್ಯಾನೇಜರ್, ಅವಳು, ನಾನು.

ಅವಳು ಇಬ್ಬರನ್ನೂ ಬಿಟ್ಟು ನನ್ನನ್ನೇ ಕೇಳಿದಳು. “ಬಣ್ಣ ಗೊತ್ತಿರೋದು ನಿನಗೆ. ನೀನು ಹೇಳು. ನನ್ನ ಕಾರ್ಡಿನಲ್ಲಿ ತಪ್ಪಿದೆಯಾ?”

ನನಗೆ ಆಗ ತಿಳಿದಿದ್ದುದು ಇಷ್ಟು: ಮುಖವನ್ನು ಎತ್ತಿದ್ದು ನಾನು, ಎತ್ತಿಸಿದ್ದು ಮೊಬೈಲಿನ ಕವರಿಗಾಗಿ, ಮುದ್ರಣಾಲಯದಿಂದ ಯಾರೂ ಏನೂ ಹೇಳಿರಲಿಲ್ಲ. ಶಾಯಿಗೆ ಮಿತಿ ಇರುವುದೂ ನಿಜವೇ. ಆ ನಿಜದ ಹಿಂದೆ ಅಡಗಿಕೊಂಡೆ.

“ಪ್ರಿಂಟಿಂಗ್‌ನಲ್ಲಿ ಕೆಲವು ಮಿತಿಗಳಿರುತ್ತವೆ” ಎಂದೆ.

ಅವಳು “ಸರಿ” ಎಂದಳು.

ಆ ಮೂರು ಪದಗಳ ಮೇಲೆ ಉಳಿದದ್ದನ್ನೆಲ್ಲ ಕಟ್ಟಲಾಯಿತು. ಇಲ್ಲದ ದೋಷವನ್ನು ತಿದ್ದಲು ಅವಳು ನಾಲ್ಕನೆಯ ಸಂಚಿಕೆಯ ಪುಟಗಳನ್ನು ಎರಡು ಬಾರಿ ಮತ್ತೆ ಬರೆದಳು. ಮುಖದ ಮೇಲಿನ ಗೆರೆಗಳನ್ನು ಕಡಿಮೆ ಮಾಡಿದಳು, ಹಿನ್ನೆಲೆಗಳನ್ನು ಹಗುರಗೊಳಿಸಿದಳು. ಅದರಿಂದ ಕೆಲಸ ತಡವಾಯಿತು. ತಡವಾದದ್ದಕ್ಕೆ ಎಚ್ಚರಿಕೆಯ ಪತ್ರ ಹೋಯಿತು. ಅವಳು ಖಾರವಾಗಿ ಉತ್ತರಿಸಿದಳು. ಆ ಖಾರವನ್ನು ‘ಸಹಕಾರದ ಕೊರತೆ’ ಎಂದು ದಾಖಲಿಸಿದರು. ಬಿಳಿಯ ಚಿತ್ರಕಾರರು ಅದಕ್ಕಿಂತ ಕೆಟ್ಟದಾಗಿ ಕೂಗಾಡಿದ್ದನ್ನು ನಾನು ಅದೇ ಆಫೀಸಿನಲ್ಲಿ ಕೇಳಿದ್ದೇನೆ. ಅವರದು ಕಲಾವಿದರ ಸ್ವಭಾವ. ಐದನೆಯ ಸಂಚಿಕೆ ಮುಗಿದಾಗ ‘ಪರಸ್ಪರ ಒಪ್ಪಿಗೆಯಿಂದ’ ಅವಳನ್ನು ಸರಣಿಯಿಂದ ಬಿಡಿಸಲಾಯಿತು. ಸಂಸ್ಥೆಯ ಕಡತದಲ್ಲಿ ಮಾತ್ರ ಅವಳ ಹೆಸರಿನ ಮುಂದೆ ಆ ಷರಾ ಬಿತ್ತು: ಮುದ್ರಣಕ್ಕೆ ಯೋಗ್ಯವಲ್ಲದ ಫೈಲುಗಳು. ಪಾತ್ರದ ಹಕ್ಕು ಕರಾರಿನ ಪ್ರಕಾರ ಸಂಸ್ಥೆಯದು.

2022ರಲ್ಲಿ ಐದೂ ಸಂಚಿಕೆಗಳನ್ನು ಒಂದೇ ಪುಸ್ತಕವಾಗಿ ತರಲು ನಿರ್ಧಾರವಾಯಿತು. ಸಾನ್ ಡಿಯೇಗೋದ ವಾರ್ಷಿಕ ಕಾಮಿಕ್ಸ್ ಮೇಳದಲ್ಲಿ ಬಿಡುಗಡೆ. ಮೊದಲೆರಡು ಸಂಚಿಕೆಗಳ ಪುಟಗಳನ್ನೂ ‘ಪ್ರಿಂಟ್-ಸೇಫ್’ ಮೂಲಕ ಹಾಯಿಸಬೇಕೆಂದು ಆದೇಶ ಬಂತು, ಪುಸ್ತಕದುದ್ದಕ್ಕೂ ಮುಖ ಒಂದೇ ಬಣ್ಣದಲ್ಲಿರಲೆಂದು. ಕಾರ್ಡಿನ ಕಡೆಯ ಗುರುತೂ ಹೀಗೆ ಅಳಿಯುವುದಿತ್ತು. ಮುದ್ರಣ ಶುರುವಾಗುವ ದಿನ ಹಾಜರಿದ್ದು, ಯಂತ್ರದಿಂದ ಬಂದ ಮೊದಲ ಹಾಳೆ ಪರೀಕ್ಷಿಸಿ, ಅದರ ಮೇಲೆ ಒಪ್ಪಿಗೆಯ ಸಹಿ ಹಾಕಿ ಬರಲು ನನ್ನನ್ನು ಮುದ್ರಣಾಲಯವಿರುವ ಪೊವೇಗೆ ಕಳಿಸಿದರು.

ಹಿಂದಿನ ದಿನವೇ ಹೊರಟು ಸಾನ್ ಡಿಯೇಗೋದ ಯೂನಿವರ್ಸಿಟಿ ಸಿಟಿಯಲ್ಲಿರುವ ಗೆಳತಿಯ ಅಪಾರ್ಟ್‌ಮೆಂಟಿನಲ್ಲಿ ಉಳಿದೆ. ಧಾರವಾಡದವಳು, ಇಲ್ಲಿನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಸಂಶೋಧನೆ. ಊಟಕ್ಕೆ ಕೂತಾಗ ಲ್ಯಾಪ್‌ಟಾಪಿನಲ್ಲಿ ಪುಟಗಳನ್ನು ತೋರಿಸಿದೆ. ಮೊದಲನೆಯ ಸಂಚಿಕೆಯ ಅಚ್ಚಾದ ಪ್ರತಿ ಅವಳ ಬಳಿ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು.

“ಇಕಿ ಮಾರಿಗೆ ಏನಾತು? ಜಡ್ಡಾಗಿತ್ತೇನು?”

“ಇಂಕ್ ಲಿಮಿಟ್ ಕಣೇ. ಡಾರ್ಕ್ ಇದ್ರೆ ಒಣಗಲ್ಲ. ಎತ್ತಬೇಕಾಯ್ತು.”

“ಬರೇ ಮಾರಿ ಅಷ್ಟ ಎತ್ತೀದಿ? ಇಡೀ ಚಿತ್ರ ಅಲ್ಲ?”

“ಮುಖ, ಕೈ, ಕುತ್ತಿಗೆ.”

“ಹಂಗಾರ ಹಿಂದಿನ ಆಕಾಶ ನೋಡ. ಕರ್ರಗ ಇದ್ದಿಲಾಗೇತಿ. ಅದಕ್ಕ ಇಂಕ್ ಹತ್ತೂದಿಲ್ಲೇನು? ಅದೇನು ಪುಗಸಟ್ಟೆ ಕಪ್ಪ?”

ಅವಳು ರೊಟ್ಟಿ ಮುರಿಯುತ್ತ ಮುಂದುವರಿಸಿದಳು. “ನಮ್ಮ ಲ್ಯಾಬಿನಾಗ ಹಿಂಗ ಮಾಡಿದ್ರ ಹೊರಗ ಹಾಕ್ತಾರವಾ. ಮೈಕ್ರೋಸ್ಕೋಪಿನ ಫೋಟೋದಾಗ ಬೆಳಕ ಏರಿಸೂದಿದ್ರ ಇಡೀ ಫೋಟೋಕ್ಕ ಏರಸ್ಬೇಕು. ನಿನಗ ಬೇಕಾದ ಒಂದ ಸೆಲ್ ಅಷ್ಟ ಏರಿಸಿದ್ರ ಅದಕ್ಕ ಫ್ರಾಡ್ ಅಂತಾರ.”

“ಇದು ಸೈನ್ಸ್ ಅಲ್ಲ, ಕಾಮಿಕ್ಸ್.”

“ಹೌದವಾ, ಕಾಮಿಕ್ಸ. ಅದಕ್ಕ ಯಾರೂ ಕೇಳೂದಿಲ್ಲ.”

ಆ ಗುಂಡಿಯನ್ನು ಹೆಣೆದವಳು ನಾನು. ಅದು ಸೀರೆಯನ್ನು ಮುಟ್ಟುವುದಿಲ್ಲ, ಕೂದಲನ್ನು ಮುಟ್ಟುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಆದರೂ ಆಕಾಶದ ಕಡೆ ನಾನು ನೋಡಿರಲಿಲ್ಲ. ವಧುವಿನ ಹಿಂದಿನ ಮಂಟಪವನ್ನು ಆಲ್ಬಮ್ಮಿನವರು ಯಾರೂ ನೋಡುವುದಿಲ್ಲ.

ಮರುದಿನ ಬೆಳಿಗ್ಗೆ ಪೊವೇದ ಬಿಸಿನೆಸ್ ಪಾರ್ಕಿನಲ್ಲಿರುವ ಮುದ್ರಣಾಲಯಕ್ಕೆ ಡ್ರೈವ್ ಮಾಡಿದೆ. ಯಂತ್ರ ನಡೆಸುವವನು ನರೆತ ಮೀಸೆಯ ಹಿರಿಯ. ಮೂವತ್ತು ವರ್ಷದಿಂದ ಅದೇ ಕೆಲಸ. ಮೊದಲ ಹಾಳೆಯನ್ನು ಎಳೆದು, ಹಗಲು ಬೆಳಕಿನ ದೀಪಗಳಿರುವ ಇಳಿಜಾರು ಮೇಜಿನ ಮೇಲೆ ಹರಡಿದ. ಬಸ್ಸಿನವಳು ಇರುಳಿನ ಬೀದಿಯಲ್ಲಿ ಕೈ ಎತ್ತಿ ನಿಂತ ದೃಶ್ಯ. ಮುಖ ಹಾಲು ಹೆಚ್ಚಾದ ಚಹಾದಂತಿತ್ತು.

“ಈ ಮುಖಕ್ಕಿಂತ ಹೆಚ್ಚು ಶಾಯಿ ನಿಮ್ಮ ಯಂತ್ರ ತಡೆಯುತ್ತದೆಯೇ?” ಎಂದು ಕೇಳಿದೆ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. “ತಮಾಷೆ ಮಾಡ್ತಿದ್ದೀರಾ? ಹೋದ ವಾರ ಪಿಯಾನೋ ಕ್ಯಾಟಲಾಗ್ ಹಾಕಿದೆವು. ಕಪ್ಪು ಪಿಯಾನೋ, ಕಪ್ಪು ಪರದೆ, ಕಪ್ಪು ಕೋಟು ಹಾಕಿದವನು. ಎಲ್ಲಾ ಒಣಗ್ತು.”

ತನ್ನ ಪರದೆಯ ಮೇಲೆ ಪುಟ ತೆರೆದ. ನಾಲ್ಕೂ ಶಾಯಿಗಳ ಶೇಕಡಾ ಪ್ರಮಾಣವನ್ನು ಕೂಡಿಸಿದರೆ ಅವರ ಯಂತ್ರಕ್ಕಿರುವ ಮಿತಿ ಮುನ್ನೂರು. ಬಾಣವನ್ನು ಆಕಾಶದ ಮೇಲಿಟ್ಟ: ಇನ್ನೂರ ತೊಂಬತ್ತು. ಮುಖದ ಮೇಲಿಟ್ಟ: ನೂರ ನಲವತ್ತೈದು. ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಪುಟ ತೆರೆದು ‘ಪ್ರಿಂಟ್-ಸೇಫ್’ ಪಕ್ಕದ ಕಣ್ಣನ್ನು ಮುಚ್ಚಿದೆ. ಕಾರ್ಡಿನ ಮೂರನೆಯ ಚೌಕ ಮರಳಿ ಬಂತು, ನೆರಳಿನಲ್ಲಿ ಕೆಂಪು, ಹೊಳಪಿನಲ್ಲಿ ನೀಲಿ. ಅಳೆದೆ: ಇನ್ನೂರ ಐವತ್ತೈದು.

ಅವಳ ಮುಖಕ್ಕಿದ್ದ ಮಿತಿ ಅವಳ ಬೆನ್ನ ಹಿಂದಿನ ಕತ್ತಲೆಗೆ ಇರಲಿಲ್ಲ.

“ಮಿತಿ ಎಷ್ಟು ಅಂತ ನಮ್ಮವರು ಯಾವಾಗಲಾದರೂ ಕೇಳಿದ್ದರಾ?” ಎಂದೆ.

“ನನ್ನನ್ನಂತೂ ಕೇಳಿಲ್ಲ. ಗೋಡೆ ಮೇಲೆ ಅಂಟಿಸಿದೆ, ನೋಡಿ.” ಆಮೇಲೆ ಮೆಲ್ಲಗೆ, “ಸರಿಯಾದ ಫೈಲ್ ಕೊಟ್ಟರೆ ಹೊಸ ಪ್ಲೇಟ್ ಮಾಡ್ತೀವಿ. ಒಂದು ದಿನ ತಡ ಆಗುತ್ತೆ. ಆದರೆ ನಿಮ್ಮ ಆಫೀಸಿನವರು ಹೂಂ ಅನ್ನಬೇಕು.”

ಹೊರಗೆ ಬಂದು ಪಾರ್ಕಿಂಗ್ ಲಾಟಿನಿಂದ ಸಂಪಾದಕನಿಗೆ ಕರೆ ಮಾಡಿದೆ. ನಾಲ್ಕು ಸಂಖ್ಯೆಗಳನ್ನೂ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

“ಒಳ್ಳೆ ಕೆಲಸ. ಮುಂದಿನ ಪುಸ್ತಕಕ್ಕೆ ನೋಡೋಣ. ಈಗ ಮೇಳಕ್ಕೆ ಎರಡೇ ವಾರ ಇದೆ.”

“ಒಂದು ದಿನ ಸಾಕು ಅಂತಿದ್ದಾರೆ.”

“ಕೇಳು, ನಿನ್ನ ರಿನ್ಯೂವಲ್ ಪತ್ರ ನನ್ನ ಟೇಬಲ್ ಮೇಲೇ ಇದೆ. ಸೋಮವಾರ ನಾನು ಅದಕ್ಕೆ ಸಹಿ ಹಾಕ್ತೀನಿ. ಇವತ್ತು ನೀನು ಅಲ್ಲಿ ಒಂದು ಸಹಿ ಹಾಕಿಬಿಡು. ಆಯ್ತಾ?” ಎಂದು ನಕ್ಕ.

ಬೆದರಿಕೆ ಎಂದು ಯಾವ ನ್ಯಾಯಾಲಯದಲ್ಲೂ ಸಾಬೀತುಮಾಡಲಾಗದ ವಾಕ್ಯ ಅದು. ನಾನು ಒಳಗೆ ಹೋದೆ. ಯಂತ್ರ ನಿಂತಿತ್ತು, ನನ್ನ ಪೆನ್ನಿಗಾಗಿ ಐದು ಜನ ಕಾಯುತ್ತಿದ್ದರು. ಸಹಿ ಹಾಕಿದೆ. ಇಲ್ಲಿ ವೀರಕಥೆ ಬಯಸುವವರು ಕ್ಷಮಿಸಬೇಕು. ಸಹಿಯ ಕೆಳಗೆ ನಾಲ್ಕು ಸಾಲು ಬರೆದೆ: ಮುದ್ರಣಾಲಯದ ಮಿತಿ 300. ಆಕಾಶ 290. ಮುಖ 145. ಚಿತ್ರಕಾರ್ತಿ ಕೇಳಿದ್ದ ಮುಖ 255.

ಹಿರಿಯ ಓದಿದ. “ಸಹಿ ಇರೋ ಹಾಳೆ ನಮ್ಮ ಫೈಲಿನಲ್ಲೇ ಉಳಿಯುತ್ತೆ. ಯಾರು ಕೇಳಿದರೂ ತೋರಿಸಬೇಕಾಗುತ್ತೆ, ಗೊತ್ತಲ್ಲ?”

“ಗೊತ್ತು. ಉಳಿಯಲಿ.”

ಇನ್ನೊಂದು ಹಾಳೆಯ ಮೇಲೂ ಅದನ್ನೇ ಬರೆಸಿಕೊಂಡು ಸುರುಳಿ ಸುತ್ತಿ ನನ್ನ ಕೈಗಿಟ್ಟ.

ಮೇಳದಲ್ಲಿ ನಮ್ಮ ಮಳಿಗೆಯ ಮೇಲೆ ಬಸ್ಸಿನವಳು ಎರಡಾಳೆತ್ತರ ನಿಂತಿದ್ದಳು, ಅದೇ ಹಾಲು ಹೆಚ್ಚಾದ ಮುಖದೊಂದಿಗೆ. ಎರಡನೆಯ ದಿನ ಮಧ್ಯಾಹ್ನ ಕಾಮಿಕ್ಸಿನಲ್ಲಿ ಪ್ರಾತಿನಿಧ್ಯ ಕುರಿತ ಸಂವಾದವಿತ್ತು. ಚಿತ್ರಕಾರ್ತಿಗೆಂದು ತಿಂಗಳುಗಳ ಹಿಂದೆ ಕಾದಿರಿಸಿದ್ದ ಕುರ್ಚಿ ಖಾಲಿಯಾಗಿತ್ತಲ್ಲ. ಅದರ ಮುಂದೆ ನನ್ನ ಹೆಸರಿನ ಫಲಕ ಇಟ್ಟಿದ್ದರು.

“ನೀನು ಮಾತಾಡಿದರೆ ಚೆನ್ನಾಗಿರುತ್ತೆ. ನೀನೂ ಅವರ ಪೈಕಿಯೇ ಅಲ್ವಾ?” ಎಂದ ಸಂಪಾದಕ.

ಒಬ್ಬ ಕಪ್ಪು ಮಹಿಳೆಯನ್ನು ಹೊರಹಾಕಿದ ಜಾಗಕ್ಕೆ ಒಬ್ಬ ಕಂದು ವಲಸೆಗಾರ್ತಿಯನ್ನು ತುಂಬಿ ಅದನ್ನು ವೈವಿಧ್ಯ ಎಂದು ಕರೆಯುವುದು ವಂಚನೆ. ಆ ವಂಚನೆಗೆ ನನ್ನ ಮೈಬಣ್ಣವೇ ಸಾಮಗ್ರಿ. ಆ ಬಣ್ಣವನ್ನೇ ಹಿಡಿದು ಒಮ್ಮೆ ಅವಳು ‘ನಿನಗೂ ಜಾಗ ಇದೆ’ ಎಂದಿದ್ದಳು. ಅವಳು ಕೊಟ್ಟ ಜಾಗ ಬೇರೆ, ಇವರು ತೋರಿಸುತ್ತಿದ್ದ ಕುರ್ಚಿ ಬೇರೆ. ಸಂವಾದ ಶುರುವಾಗಲು ಹತ್ತು ನಿಮಿಷ ಇದ್ದಾಗ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಸಭಾಂಗಣದ ಹಿಂಭಾಗಕ್ಕೆ ನಡೆದೆ. ಸ್ವತಂತ್ರ ಕಲಾವಿದರು ತಂತಮ್ಮ ಖರ್ಚಿನಲ್ಲಿ ಸಾಲಾಗಿ ಮೇಜು ಹಾಕಿಕೊಳ್ಳುವ ಜಾಗ ಅದು.

ಚಿತ್ರಕಾರ್ತಿ ಶೌಚಾಲಯದ ಬಾಗಿಲಿನ ಬಳಿಯ ಮೇಜಿನಲ್ಲಿದ್ದಳು. ನಾಲ್ಕು ಚೌಕಗಳ ಕಾರ್ಡು ಗಾಜಿನ ಕೆಳಗಿತ್ತು. ಅವಳೆದುರು ಬಸ್ ಡ್ರೈವರಿನ ಸಮವಸ್ತ್ರ ತೊಟ್ಟು, ಬಸ್ಸಿನವಳ ಹಾಗೆಯೇ ತಲೆಗೂದಲು ಕಟ್ಟಿಕೊಂಡ ಕಪ್ಪು ಯುವತಿಯೊಬ್ಬಳು ಮೊದಲ ಸಂಚಿಕೆಗೆ ಸಹಿ ಹಾಕಿಸಿಕೊಳ್ಳುತ್ತಿದ್ದಳು.

“ಐದನೆಯದೂ ತಂದಿದ್ದೀಯಾ?” ಎಂದು ಚಿತ್ರಕಾರ್ತಿ ಕೇಳಿದಳು.

“ಇಲ್ಲ,” ಎಂದಳು ಆ ಯುವತಿ. “ಅದರಲ್ಲಿರೋದು ಬೇರೆ ಯಾರೋ.”

ಅವಳು ಹೋದ ಮೇಲೆ ನಾನು ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟೆ. ‘ವಧು-2’ರಿಂದ ಪೊವೇವರೆಗಿನ ಎಲ್ಲವನ್ನೂ ಹೇಳಿದೆ. ಅವಳು ಸಂಖ್ಯೆಗಳ ಮೇಲೆ ಬೆರಳಾಡಿಸಿದಳು, ಎರಡು ಸಲ.

“ಆ ಕರೆಯ ದಿನ ನಿನಗೆ ಗೊತ್ತಿತ್ತಾ?”

“ಆಕಾಶದ ವಿಷಯ ಗೊತ್ತಿರಲಿಲ್ಲ. ಮುಖ ಎತ್ತಿದ್ದು ನಾನು ಅನ್ನೋದು ಗೊತ್ತಿತ್ತು.”

“ಹಾಗಾದರೆ ಗೊತ್ತಿತ್ತು.”

“ಕ್ಷಮಿಸು.”

“ಅದನ್ನ ಆಮೇಲೆ ನೋಡೋಣ. ಎರಡು ಕಡೆ ಕೆಲಸ ಕೇಳಿದೆ. ಎರಡು ಕಡೆಯೂ ‘ನಿಮ್ಮ ಫೈಲುಗಳಲ್ಲಿ ಏನೋ ಸಮಸ್ಯೆ ಇತ್ತಂತೆ’ ಅಂದರು. ನನಗೆ ಬೇಕಾದ್ದು ಬರಹ. ನಿನ್ನ ಹೆಸರು ಹಾಕಿ ಬರೆ, ಸಂಪಾದಕನಿಗೂ ಮ್ಯಾನೇಜರಿಗೂ ಕಳಿಸು.”

“ನನ್ನ ವೀಸಾ—”

“ಗೊತ್ತು,” ಎಂದಳು, ದನಿ ಏರಿಸದೆ. “ನಿನ್ನನ್ನ ಹಿಡಿದಿಟ್ಟಿರೋರು ಯಾರು ಅಂತ ಗೊತ್ತು. ಅದೇ ಕೈ ನನ್ನನ್ನ ಹೊರಗೆ ಹಾಕಿದ್ದು. ಬರೆದುಕೊಡು.”

ಆ ಸಂಜೆ ಗೆಳತಿಯ ಅಡುಗೆಮನೆಯ ಮೇಜಿನ ಮೇಲೆ ಬರೆದೆ. ಏನು ಮಾಡಿದೆ, ಯಾರು ಮಾಡಿಸಿದರು, ಅಳತೆಗಳು ಏನು, ಸಹಿಯಿರುವ ಹಾಳೆ ಎಲ್ಲಿದೆ. ಸಂಪಾದಕನಿಗೆ, ಮ್ಯಾನೇಜರಿಗೆ, ಚಿತ್ರಕಾರ್ತಿಗೆ ಒಟ್ಟಿಗೇ ಕಳಿಸಿದೆ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಕಾರಣ ಬರೆಯಬೇಕಾಗುತ್ತಿತ್ತು. ನನ್ನ ರಿನ್ಯೂವಲ್ಲನ್ನು ಒಂದೊಂದೇ ವರ್ಷಕ್ಕೆ ಮಾಡಿಸುತ್ತ, ನನ್ನನ್ನು ಮಕ್ಕಳು ಬಣ್ಣ ತುಂಬುವ ಪುಸ್ತಕಗಳ ವಿಭಾಗಕ್ಕೆ ಹಾಕಿದ್ದಾರೆ. ಅಲ್ಲಿ ಪುಟಗಳೆಲ್ಲ ಬಿಳಿ. ಬಣ್ಣಗಾರ್ತಿಗೆ ಬಣ್ಣದ ಕೆಲಸವಿಲ್ಲ. ಗೆರೆಗಳ ತುದಿಗಳು ಕೂಡಿವೆಯೇ, ಎಲ್ಲಿಯಾದರೂ ಸಂದು ಬಿಟ್ಟಿದೆಯೇ ಎಂದು ದಿನವಿಡೀ ನೋಡುತ್ತೇನೆ. ಸಂದು ಕಂಡಲ್ಲಿ ಮುಚ್ಚುತ್ತೇನೆ. ನನ್ನ ಪತ್ರಕ್ಕೆ ಉತ್ತರ ಬಂದಿಲ್ಲ. ಷರಾ ಹಾಗೆಯೇ ಇದೆ. ಈ ವಾರ ಪುಸ್ತಕದ ಎರಡನೆಯ ಮುದ್ರಣದ ಪ್ರಕಟಣೆ ಹೊರಟಿತು. ಆದ್ದರಿಂದ ಈ ಬರಹ.

ಈಗ ಪ್ರಕಾಶನದ ಮುಖ್ಯಸ್ಥರಾಗಿರುವ ಸಂಪಾದಕರೇ, ಪ್ರೊಡಕ್ಷನ್ ಮ್ಯಾನೇಜರರೇ, ನಿಮ್ಮ ವಕೀಲರು ಇದನ್ನು ಇಂಗ್ಲಿಷಿಗೆ ಅನುವಾದಿಸಿ ನಿಮ್ಮ ಮುಂದಿಡುತ್ತಾರೆಂದು ಬಲ್ಲೆ. ನಿಷ್ಠೆಯಿಂದ ಅನುವಾದಿಸಲಿ. ಎರಡನೆಯ ಮುದ್ರಣದ ಫೈಲುಗಳು ಪೊವೇಗೆ ಹೊರಡುವ ಮುನ್ನ ಮೂರು ಕೆಲಸ ಮಾಡಿರಿ. ‘ಮುದ್ರಣಕ್ಕೆ ಯೋಗ್ಯವಲ್ಲದ ಫೈಲುಗಳು’ ಎಂಬ ಷರಾ ಸುಳ್ಳೆಂದು ಚಿತ್ರಕಾರ್ತಿಗೆ ಸಂಸ್ಥೆಯ ಕಾಗದದ ಮೇಲೆ, ನಿಮ್ಮಿಬ್ಬರ ಸಹಿಯೊಂದಿಗೆ ಬರೆದುಕೊಡಿರಿ. ಆರನೆಯ ಸಂಚಿಕೆಯನ್ನು ಬರೆಯಲು, ಚಿತ್ರಿಸಲು ಅವಳನ್ನು ಮರಳಿ ಕರೆಯಿರಿ. ಒಪ್ಪುವುದು ಬಿಡುವುದು ಅವಳಿಗೆ ಸೇರಿದ್ದು. ಮತ್ತು ಪ್ರತಿ ಪುಟದ ಫೈಲು ತೆರೆಯಿರಿ. ಮೇಲಿನಿಂದ ಎರಡನೆಯ ಪದರ, ನಾನು ಹೆಣೆದದ್ದು, ನೀವು ಹೆಸರಿಟ್ಟದ್ದು. ಅದರ ಎಡಗಡೆಯ ಕಣ್ಣನ್ನು ಮುಚ್ಚಿರಿ. ಯಂತ್ರ ಮುನ್ನೂರು ತಡೆಯುತ್ತದೆ. ಅವಳ ಮುಖ ಕೇಳುವುದು ಇನ್ನೂರ ಐವತ್ತೈದು. ಜಾಗವಿದೆ. ಅವಳನ್ನು ಅವಳ ಬಣ್ಣದಲ್ಲಿ ಅಚ್ಚು ಹಾಕಿರಿ.